ಫೋಟೋ ಎಡಿಟಿಂಗ್ ತೊಡಕುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸ್ಟುಡಿಯೋದವರು, ಬ್ಯಾನರ್ ಅಂಗಡಿಯವರು, ಆನ್‌ಲೈನ್ ಅರ್ಜಿ ತುಂಬಿಕೊಡುವವರು, ಜಾತ್ರೆ-ಮದುವೆಯ ಫೋಟೋ ತೆಗೆಯುವ ಹುಡುಗರು ಎದುರಿಗೆ ಸಿಕ್ಕಾಗ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ತಿದ್ದಿಲ್ಲ. ನಮ್ಮ ಕಡೆ ಹೆಚ್ಚಿನವರು ಫೋಟೋಶಾಪ್ ಬಳಸುವುದರಿಂದ ಉತ್ತರ ಮೊದಲು ಅದಕ್ಕೆ. ಉಚಿತ ಎಡಿಟಿಂಗ್ ಸಾಫ್ಟ್‌ವೇರ್ ಗಿಂಪ್‌ನಲ್ಲಿ ದಾರಿ ಬೇರೆ ಇದ್ದರೆ ಅದನ್ನೂ ಕೊಟ್ಟಿದೆ.

ಕಂಪ್ಯೂಟರ್ ಹಳೆಯದಾಯಿತು ಎಂದು ಬೈಯುವ ಮೊದಲು ಮೂರು ಸಂಗತಿ ನೋಡಿ: ಈಗ ಯಾವ ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) ಆಯ್ಕೆಯಾಗಿದೆ, ಫೋಟೋದಲ್ಲಿ ನಿಜವಾಗಿ ಎಷ್ಟು ಪಿಕ್ಸೆಲ್ ಇವೆ, ಕಲರ್ ಮೋಡ್ (ಪರದೆಗೆ ಆರ್‌ಜಿಬಿ, ಪ್ರಿಂಟಿನ ಶಾಯಿಗೆ ಸಿಎಂವೈಕೆ) ಯಾವುದು. ಕೆಳಗಿನ ತೊಡಕುಗಳಲ್ಲಿ ಬಹಳಷ್ಟು ಈ ಮೂರರಲ್ಲೇ ಬಗೆಹರಿಯುತ್ತವೆ.

## ಕಲಿಯುವಾಗಿನ ತೊಡಕು

ಬ್ರಶ್ ಎಷ್ಟ್ ತಿಕ್ಕಿದ್ರೂ ಬಣ್ಣಾನ ಬೀಳವಲ್ದು. ಏನ್ ಆಗೈತ್ರೀ?

ಎಲ್ಲೋ ಒಂದು ಸಣ್ಣ ಸೆಲೆಕ್ಷನ್ (ಆಯ್ದ ಜಾಗ) ಉಳಿದುಬಿಟ್ಟಿದೆ. ಸೆಲೆಕ್ಷನ್ ಇದ್ದಾಗ ಅದರ ಒಳಗೆ ಮಾತ್ರ ಬಣ್ಣ ಬೀಳುತ್ತದೆ. ಕಂಟ್ರೋಲ್+ಎಚ್ ಒತ್ತಿ ಅದರ ಗೆರೆ ಮರೆಯಾಗಿದ್ದರೆ ಕಣ್ಣಿಗೂ ಕಾಣುವುದಿಲ್ಲ. ಮೊದಲು ಕಂಟ್ರೋಲ್+ಡಿ ಒತ್ತಿ ಸೆಲೆಕ್ಷನ್ ಬಿಡಿಸಿ. ಗಿಂಪ್‌ನಲ್ಲಾದರೆ ಶಿಫ್ಟ್+ಕಂಟ್ರೋಲ್+ಎ.

ಆಗಲೂ ಬೀಳದಿದ್ದರೆ ಲೇಯರ್ ಪ್ಯಾನೆಲ್ ನೋಡಿ. ಬೇರೆ ಲೇಯರ್ ಆಯ್ಕೆಯಾಗಿರಬಹುದು, ಅಥವಾ ಮೇಲಿನ ಲೇಯರ್ ನಿಮ್ಮದನ್ನು ಮುಚ್ಚಿರಬಹುದು. ಕೆಂಪು ಆರಿಸಿದರೂ ಬೂದು ಬಣ್ಣವೇ ಬರುತ್ತಿದ್ದರೆ ನೀವು ಲೇಯರ್ ಬದಲು ಅದರ ಮಾಸ್ಕ್ (ಲೇಯರಿನ ಭಾಗಗಳನ್ನು ಅಳಿಸದೆ ಮರೆಮಾಡುವ ಪರದೆ) ಮೇಲೆ ಕ್ಲಿಕ್ ಮಾಡಿದ್ದೀರಿ. ಮಾಸ್ಕ್‌ಗೆ ಕಪ್ಪು, ಬಿಳಿ, ಬೂದು ಬಿಟ್ಟು ಬೇರೆ ಬಣ್ಣ ಇಲ್ಲ. ಪಕ್ಕದ ಚಿತ್ರದ ಚೌಕದ ಮೇಲೆ ಕ್ಲಿಕ್ ಮಾಡಿ. ಅಪ್ಪಿತಪ್ಪಿ ಕ್ಯೂ ಒತ್ತಿದರೆ ಕ್ವಿಕ್ ಮಾಸ್ಕ್ ಶುರುವಾಗಿ ಬ್ರಶ್ ತೆಳು ಕೆಂಪು ಪರದೆ ಎಳೆಯುತ್ತದೆ. ಮತ್ತೊಮ್ಮೆ ಕ್ಯೂ ಒತ್ತಿದರೆ ಹೋಗುತ್ತದೆ.

ಹಿಂದಿಂದು ಅಳಸಾಕ ಹೋದ್ರ ಬಿಳೀನ ಬರ್ತೈತಿ, ಪಾರದರ್ಶಕ ಆಗೂದಿಲ್ಲ

ಜೆಪೆಗ್ ತೆರೆದಾಗ ಬರುವ ಲೇಯರಿನ ಹೆಸರು ಬ್ಯಾಕ್‌ಗ್ರೌಂಡ್, ಪಕ್ಕದಲ್ಲಿ ಬೀಗದ ಗುರುತು. ಈ ಲೇಯರಿಗೆ ಪಾರದರ್ಶಕವಾಗುವ ಗುಣವೇ ಇಲ್ಲ, ಅದಕ್ಕೇ ಇರೇಸರ್ ಅಲ್ಲಿ ಹಿನ್ನೆಲೆ ಬಣ್ಣ ಬಳಿಯುತ್ತದೆ. ಬೀಗದ ಮೇಲೆ ಕ್ಲಿಕ್ ಮಾಡಿ. ಹಳೆಯ ಆವೃತ್ತಿಯಲ್ಲಿ ಲೇಯರ್ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಓಕೆ ಕೊಡಿ. ಗಿಂಪ್‌ನಲ್ಲಿ ಲೇಯರ್ ಮೇಲೆ ಬಲ ಕ್ಲಿಕ್, ಆ್ಯಡ್ ಆಲ್ಫಾ ಚಾನೆಲ್. ಕೆಲಸ ಮುಗಿದ ಮೇಲೆ ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್‌ನಲ್ಲಿ ಉಳಿಸಿದರೆ ಪಾರದರ್ಶಕ ಜಾಗ ಮತ್ತೆ ತುಂಬಿಕೊಳ್ಳುತ್ತದೆ.

ಇನ್ನೂ ಒಂದು ಮಾತು: ಇರೇಸರ್ ಬಿಟ್ಟು ಮಾಸ್ಕ್ ರೂಢಿಸಿಕೊಳ್ಳಿ. ಅಳಿಸಿದ್ದು ಹೋಯಿತು, ಮಾಸ್ಕ್‌ನಲ್ಲಿ ಕಪ್ಪು ಬಳಿದು ಮುಚ್ಚಿದ್ದನ್ನು ನಾಳೆ ಬಿಳಿ ಬಳಿದು ತೆರೆಯಬಹುದು. ಗಿರಾಕಿ ಮನಸ್ಸು ಬದಲಿಸುವುದು ಯಾವಾಗಲೂ ಕೆಲಸ ಮುಗಿದ ಮೇಲೆಯೇ.

ಶಾರ್ಟ್‌ಕಟ್ ಒಮ್ಮೆ ನಡೀತಾವ, ಒಮ್ಮೆ ನಡ್ಯೂದಿಲ್ಲ

ಕನ್ನಡ ಕೀಲಿಮಣೆ ಚಾಲೂ ಉಳಿದಿದೆ. ನುಡಿ, ಬರಹ ಅಥವಾ ವಿಂಡೋಸ್‌ನದೇ ಕನ್ನಡ ಕೀಲಿಮಣೆ ಇರುವಾಗ ಬಿ ಒತ್ತಿದರೆ ಸಾಫ್ಟ್‌ವೇರಿಗೆ ಬೇರೆ ಅಕ್ಷರ ಮುಟ್ಟುತ್ತದೆ, ಬ್ರಶ್ ಬರುವುದಿಲ್ಲ. ಪಠ್ಯ ಟೈಪ್ ಮಾಡಿದ ಕೂಡಲೇ ಇಂಗ್ಲಿಷಿಗೆ ಮರಳಿ. ವಿಂಡೋಸ್ ಕೀಲಿಮಣೆಯಾದರೆ ವಿಂಡೋಸ್ ಕೀ+ಸ್ಪೇಸ್. ಇನ್ನೊಂದು ಕಾರಣ, ಟೈಪ್ ಟೂಲ್ ಇನ್ನೂ ಪಠ್ಯದ ಒಳಗೇ ಕೂತಿರುವುದು. ಕಂಟ್ರೋಲ್+ಎಂಟರ್ ಒತ್ತಿ ಹೊರಗೆ ಬನ್ನಿ.

ಎಲ್ಲಾ ಪ್ಯಾನೆಲ್ ಮಾಯ ಆದ್ವು! ಬ್ರಶ್ ಗೋಲ್ ಹೋಗಿ ಪ್ಲಸ್ ಬಂತು!

ಟ್ಯಾಬ್ ಒತ್ತಿ, ಪ್ಯಾನೆಲ್‌ಗಳು ಬರುತ್ತವೆ. ಪ್ಲಸ್ ಗುರುತಿಗೆ ಕಾರಣ ಕ್ಯಾಪ್ಸ್ ಲಾಕ್, ಅದನ್ನು ಆರಿಸಿ.

ಸೇವ್ ಆ್ಯಸ್‌ನ್ಯಾಗ ಜೆಪೆಗ್ ಎಲ್ಲಿ ಹೋತ್ರಿ? ಮೊದಲ ಇತ್ತಲ್ಲ

2021ರ ನಡುವೆ ಬಂದ ಆವೃತ್ತಿಯಿಂದ ಫೋಟೋಶಾಪ್ ಇದನ್ನು ಬದಲಿಸಿತು. ಲೇಯರ್ ಇರುವ ಫೈಲಿಗೆ ಸೇವ್ ಆ್ಯಸ್‌ನಲ್ಲಿ ಲೇಯರ್ ಉಳಿಸಿಕೊಳ್ಳಬಲ್ಲ ನಮೂನೆಗಳು ಮಾತ್ರ ಕಾಣುತ್ತವೆ. ಜೆಪೆಗ್ ಬೇಕಿದ್ದರೆ ಫೈಲ್ ಮೆನುವಿನ "ಸೇವ್ ಎ ಕಾಪಿ" ಬಳಸಿ, ಅಂದರೆ ಕಂಟ್ರೋಲ್+ಆಲ್ಟ್+ಎಸ್. ಹಳೆಯ ರೀತಿಯೇ ಕೈಗೆ ಹತ್ತಿದ್ದರೆ ಪ್ರಿಫರೆನ್ಸಸ್‌ನ ಫೈಲ್ ಹ್ಯಾಂಡ್ಲಿಂಗ್‌ನಲ್ಲಿ "ಎನೇಬಲ್ ಲೆಗಸಿ ಸೇವ್ ಆ್ಯಸ್" ಗುರುತು ಹಾಕಿ.

ಗಿಂಪ್‌ನಲ್ಲಿ 2012ರ 2.8 ಆವೃತ್ತಿಯಿಂದ ಸೇವ್ ಎಂದರೆ ಗಿಂಪ್‌ನದೇ ಎಕ್ಸ್‌ಸಿಎಫ್ ನಮೂನೆ ಮಾತ್ರ. ಜೆಪೆಗ್, ಪಿಎನ್‌ಜಿಗೆ ಎಕ್ಸ್‌ಪೋರ್ಟ್, ಶಿಫ್ಟ್+ಕಂಟ್ರೋಲ್+ಇ. ಕಿರಿಕಿರಿ ಅನಿಸಿದರೂ ಈ ಬದಲಾವಣೆ ಒಳ್ಳೆಯದೇ. ಲೇಯರ್ ಇರುವ ಮೂಲ ಫೈಲಿನ ಮೇಲೆ ಜೆಪೆಗ್ ಬರೆದು ದಿನಪೂರ್ತಿ ಮಾಡಿದ ಕೆಲಸ ಕಳೆದುಕೊಳ್ಳುವುದನ್ನು ಅದು ತಪ್ಪಿಸುತ್ತದೆ.

ಫೋಟೋ ಸಣ್ಣ ಮಾಡಿದ್ರ ಮುಖ ಹಿಗ್ಗಿದಂಗ ಆಕ್ಕೈತಿ. ಶಿಫ್ಟ್ ಹಿಡದ ಮಾಡೀನಿ

ಶಿಫ್ಟ್ ಹಿಡಿದದ್ದೇ ಕಾರಣ. ಫೋಟೋಶಾಪ್ ಸಿಸಿ (ಕ್ರಿಯೇಟಿವ್ ಕ್ಲೌಡ್) 2019ರಿಂದ ಕಂಟ್ರೋಲ್+ಟಿ ಒತ್ತಿ ಮೂಲೆ ಎಳೆದರೆ ಅನುಪಾತ ತಾನಾಗಿಯೇ ಉಳಿಯುತ್ತದೆ, ಶಿಫ್ಟ್ ಹಿಡಿದರೆ ಕೆಡುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಇದು ತಿರುವುಮುರುವು. ಅಂಗಡಿಯಲ್ಲಿ ಒಂದು ಕಂಪ್ಯೂಟರಿಗೆ ಹಳೆಯದು, ಇನ್ನೊಂದಕ್ಕೆ ಹೊಸದು ಇದ್ದರೆ ಕೈ ತಪ್ಪುವುದು ಸಹಜ. ಹೊಸದರಲ್ಲಿ ಪ್ರಿಫರೆನ್ಸಸ್‌ನ ಜನರಲ್ ಒಳಗೆ "ಯೂಸ್ ಲೆಗಸಿ ಫ್ರೀ ಟ್ರಾನ್ಸ್‌ಫಾರ್ಮ್" ಗುರುತು ಹಾಕಿದರೆ ಎರಡೂ ಒಂದೇ ರೀತಿ ನಡೆಯುತ್ತವೆ.

## ಅಳತೆ, ಕೆಬಿ, ಪಿಕ್ಸೆಲ್

ಅರ್ಜಿಗೆ 50 ಕೆಬಿ ಒಳಗ ಅಂತಾರ. 200 ಗುಣಿಸು 230 ಮಾಡಿದ್ರೂ 90 ಕೆಬಿ ಬರ್ತದ, ಹೆಂಗ?

ಬ್ಯಾಂಕ್ ಪರೀಕ್ಷೆಯ ಅರ್ಜಿಗಳಲ್ಲಿ 200×230 ಪಿಕ್ಸೆಲ್, 20ರಿಂದ 50 ಕೆಬಿ ಎಂಬ ಅಳತೆ ಸಾಮಾನ್ಯ. ಇಷ್ಟು ಚಿಕ್ಕ ಫೋಟೋ ಅಷ್ಟು ಭಾರವಾಗುವುದು ಚಿತ್ರದಿಂದಲ್ಲ. ಸೇವ್ ಆ್ಯಸ್ ಮಾಡಿದಾಗ ಕ್ಯಾಮೆರಾ ಮಾಹಿತಿ, ಬಣ್ಣದ ಪ್ರೊಫೈಲ್, ಪುಟ್ಟ ಪ್ರಿವ್ಯೂ ಚಿತ್ರ ಎಲ್ಲವೂ ಒಳಗೆ ಸೇರಿಕೊಳ್ಳುತ್ತವೆ. ಫೈಲ್, ಎಕ್ಸ್‌ಪೋರ್ಟ್, ಸೇವ್ ಫಾರ್ ವೆಬ್‌ಗೆ ಹೋಗಿ. ಜೆಪೆಗ್ ಆರಿಸಿ, ಮೆಟಾಡೇಟಾ "ನನ್" ಮಾಡಿ, ಎಂಬೆಡ್ ಪ್ರೊಫೈಲ್ ಗುರುತು ತೆಗೆಯಿರಿ. ಎಡಗಡೆ ಕೆಳಗೆ ಕೆಬಿ ಕಾಣುತ್ತಿರುತ್ತದೆ, ಕ್ವಾಲಿಟಿ 80ರಿಂದ ಶುರು ಮಾಡಿ ಮೇಲೆ ಕೆಳಗೆ ಮಾಡಿ. 20 ಕೆಬಿಗಿಂತ ಕಡಿಮೆ ಬಂತೆಂದು ಅರ್ಜಿ ತಿರಸ್ಕರಿಸಿದರೆ ಕ್ವಾಲಿಟಿ ಏರಿಸಿ, ಪಿಕ್ಸೆಲ್ ಅಳತೆ ಮುಟ್ಟಬೇಡಿ.

ಮೊದಲು ಕ್ರಾಪ್, ಆಮೇಲೆ ಸಣ್ಣದು ಮಾಡುವುದು, ಕೊನೆಗೆ ಕೆಬಿ. ಈ ಸಾಲು ತಪ್ಪಿದರೆ ಮುಖ ಮಸುಕಾಗುತ್ತದೆ. ಸಹಿಯನ್ನು ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ಮಾಡಿಸಿ, ಲೆವೆಲ್ಸ್‌ನಲ್ಲಿ ಬಿಳಿ ತುದಿಯ ಡ್ರಾಪರ್ ಹಿಡಿದು ಹಾಳೆಯ ಮೇಲೆ ಕ್ಲಿಕ್ ಮಾಡಿ. ಮೊಬೈಲ್ ನೆರಳಿನ ಬೂದು ಹೋಗುತ್ತದೆ.

ಪಾಸ್‌ಪೋರ್ಟ್ ಫೋಟೋ 4×6 ಹಾಳ್ಯಾಗ ಎಷ್ಟು ಕುಂದರಸಬೇಕು? ಪ್ರಿಂಟ್ ಆದಮ್ಯಾಗ ಅಳತಿ ಸಣ್ಣ ಆಗ್ತೈತಿ

35×45 ಮಿಲಿಮೀಟರ್ ಫೋಟೋ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 413×531 ಪಿಕ್ಸೆಲ್ ಆಗುತ್ತದೆ. 4×6 ಇಂಚಿನ ಹಾಳೆಯನ್ನು ಅಡ್ಡ ಇಟ್ಟರೆ 1800×1200. ಅಗಲಕ್ಕೆ ನಾಲ್ಕು, ಎತ್ತರಕ್ಕೆ ಎರಡು, ಒಟ್ಟು ಎಂಟು ಕೂರುತ್ತವೆ. ಕತ್ತರಿಸಲು ನಡುವೆ ಜಾಗವೂ ಉಳಿಯುತ್ತದೆ. ಪ್ರಿಂಟಿನಲ್ಲಿ ಅಳತೆ ಬದಲಾಗುವುದು ಪ್ರಿಂಟರ್ ಸೆಟ್ಟಿಂಗಿನಿಂದ. "ಫಿಟ್ ಟು ಪೇಜ್" ತೆಗೆದು ಸ್ಕೇಲ್ 100% ಇಡಿ. ಬಾರ್ಡರ್‌ಲೆಸ್ ಆರಿಸಿದರೆ ಅಂಚು ಮುಚ್ಚಲು ಪ್ರಿಂಟರ್ ಚಿತ್ರವನ್ನು ತುಸು ಹಿಗ್ಗಿಸುತ್ತದೆ, ಹಾಗಾಗಿ ಪಾಸ್‌ಪೋರ್ಟ್ ಹಾಳೆಗೆ ಅದು ಬೇಡ.

ವಾಟ್ಸಾಪ್‌ನ್ಯಾಗ ಕಳಿಸಿದ್ರ ಫೋಟೋ ಕೆಡ್ತೈತಿ

ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಸಣ್ಣದು ಮಾಡಿ ಮತ್ತೆ ಒತ್ತುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ. ಪ್ರಿಂಟಿಗೆ ಫೋಟೋ ತರಿಸಿಕೊಳ್ಳುವ ಅಂಗಡಿಯವರು ಈ ಒಂದು ಸಾಲನ್ನು ಗಿರಾಕಿಗೆ ಮೊದಲೇ ಹೇಳಿದರೆ ಅರ್ಧ ಜಗಳ ತಪ್ಪುತ್ತದೆ.

ಗ್ರೂಪ್ ಫೋಟೋದಾಗಿನ ಅಜ್ಜನ ಮುಖ ಕಟ್ ಮಾಡಿ ದೊಡ್ಡ ಫ್ರೇಮ್‌ಗೆ ಬೇಕು. ಎಐ ಹಾಕಿದ್ರ ಅಜ್ಜನಂಗ ಕಾಣವಲ್ರು

ತೀರಿಕೊಂಡವರ ಒಂದೇ ಒಂದು ಫೋಟೋ, ಅದೂ ಮದುವೆಯ ಗುಂಪಿನಲ್ಲಿ. ಇಂಥ ಕೋರಿಕೆ ಪ್ರತಿ ಸ್ಟುಡಿಯೋಕ್ಕೂ ಬರುತ್ತದೆ, ಇಲ್ಲಿ ಅವಸರ ಮಾಡಬಾರದು.

ಮೊದಲು ಮುಖ ಎಷ್ಟು ಪಿಕ್ಸೆಲ್ ಇದೆ ನೋಡಿ. ಗದ್ದದಿಂದ ನೆತ್ತಿಯವರೆಗೆ 80-100 ಪಿಕ್ಸೆಲ್ ಮಾತ್ರ ಇದ್ದರೆ ಕಣ್ಣಿನ ರೆಪ್ಪೆ, ಸುಕ್ಕು, ಮೀಸೆಯ ಎಳೆ ಯಾವುದೂ ಫೈಲಿನಲ್ಲಿ ಇಲ್ಲ. ಎಐ ಅವನ್ನು ಹುಡುಕಿ ತೆಗೆಯುವುದಿಲ್ಲ, ತಾನು ಕಲಿತ ಬೇರೆ ಮುಖಗಳಿಂದ ಹೊಸದಾಗಿ ಬರೆಯುತ್ತದೆ. ಅದಕ್ಕೇ ಚಿತ್ರ ಚೊಕ್ಕವಾಗಿರುತ್ತದೆ, ಅಜ್ಜ ಮಾತ್ರ ಇರುವುದಿಲ್ಲ.

ಹಾಳೆಯ ಫೋಟೋ ಸಿಕ್ಕರೆ ಅದನ್ನೇ ತರಿಸಿ. ಮೊಬೈಲಿನಲ್ಲಿ ಮರುಫೋಟೋ ತೆಗೆಯಬೇಡಿ. ಸ್ಕ್ಯಾನರಿನಲ್ಲಿ 600 ಪಿಪಿಐ, ಮುಖ ತೀರ ಚಿಕ್ಕದಿದ್ದರೆ 1200. ಕಪ್ಪು ಬಿಳುಪು ಫೋಟೋವನ್ನೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ, ಏಕೆಂದರೆ ಹಳದಿ ಕಲೆಗಳು ಕೆಂಪು ಚಾನೆಲ್‌ನಲ್ಲಿ ಬಹಳ ಮಟ್ಟಿಗೆ ಮಾಯವಾಗುತ್ತವೆ, ಆ ಚಾನೆಲ್ ಒಂದನ್ನೇ ಇಟ್ಟುಕೊಂಡು ಮುಂದುವರಿಯಬಹುದು. ಗೀರುಗಳನ್ನು ಹೊಸ ಲೇಯರಿನ ಮೇಲೆ ಹೀಲಿಂಗ್ ಬ್ರಶ್‌ನಿಂದ ತೆಗೆಯಿರಿ. ಎಐ ಬಳಸಲೇಬೇಕಾದರೆ ಅದರ ಫಲಿತಾಂಶವನ್ನು ಮೇಲಿನ ಲೇಯರಿನಲ್ಲಿಟ್ಟು ಒಪಾಸಿಟಿ (ಲೇಯರ್ ಎಷ್ಟು ಗಾಢವಾಗಿ ಕಾಣಬೇಕು ಎಂಬುದು) 30-40%ಕ್ಕೆ ಇಳಿಸಿ. ಕಣ್ಣು, ಬಾಯಿಯ ಜಾಗವನ್ನು ಮಾಸ್ಕ್‌ನಲ್ಲಿ ಮುಚ್ಚಿ ಮೂಲದ್ದೇ ಕಾಣುವಂತೆ ಬಿಡಿ. ಗುರುತು ಇರುವುದು ಅಲ್ಲೇ. 12×18ರ ಬದಲು 6×8 ಫ್ರೇಮ್ ಹಾಕಿ ಸುತ್ತ ಅಗಲದ ಬಿಳಿ ಅಂಚು ಬಿಡುವುದು ಮನೆಯವರಿಗೂ ಹೆಚ್ಚು ಒಪ್ಪಿಗೆಯಾಗುತ್ತದೆ.

## ಕನ್ನಡ ಅಕ್ಷರಗಳು

ಫೋಟೋಶಾಪ್‌ನ್ಯಾಗ ಒತ್ತಕ್ಷರ ಒಡದ ಬೀಳ್ತಾವ. "ಅಕ್ಕಮಹಾದೇವಿ" ಬರದ್ರ ಕ ಬ್ಯಾರೆ, ಒತ್ತು ಬ್ಯಾರೆ

ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡದಲ್ಲಿ ಒತ್ತು, ಗುಣಿತಗಳನ್ನು ಸೇರಿಸಿ ಕೂಡಿಸುವ ಕೆಲಸ ಸಾಫ್ಟ್‌ವೇರಿನ ಟೆಕ್ಸ್ಟ್ ಎಂಜಿನ್‌ನದು. ಫೋಟೋಶಾಪ್‌ನ ಮಾಮೂಲಿ ಎಂಜಿನ್ ಬಹಳ ಕಾಲ ಇದನ್ನು ಮಾಡುತ್ತಿರಲಿಲ್ಲ. 2021ರ ಕೊನೆಗೆ ಬಂದ ಆವೃತ್ತಿಯಿಂದ ಅದು ತಾನಾಗಿಯೇ ಆಗುತ್ತದೆ. ಅದಕ್ಕೂ ಹಿಂದಿನ ಸಿಸಿ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್, ಟೈಪ್‌ಗೆ ಹೋಗಿ "ವರ್ಲ್ಡ್ ರೆಡಿ ಲೇಔಟ್" ಆರಿಸಿ. ಇನ್ನೂ ಸ್ವಲ್ಪ ಹಿಂದಿನ ಸಿಸಿಯಲ್ಲಿ ಅದೇ ಜಾಗದಲ್ಲಿ "ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್" ಎಂದು ಇರುತ್ತದೆ. ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ, ಹೊಸ ಫೈಲ್ ಮಾಡಿ. ಹಳೆಯ ಫೈಲಿನ ಪಠ್ಯ ಹಾಗೇ ಒಡೆದಿರುತ್ತದೆ; ಆ ಪಠ್ಯ ಆಯ್ಕೆ ಮಾಡಿ ಪ್ಯಾರಾಗ್ರಾಫ್ ಪ್ಯಾನೆಲ್ ಮೂಲೆಯ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಬೇಕು. ಬೆಳಗಾವಿಯ ಬ್ಯಾನರ್‌ಗಳಲ್ಲಿ ಕನ್ನಡದ ಜೊತೆ ಬರುವ ಮರಾಠಿಯ ದೇವನಾಗರಿಗೂ ಇದೇ ಮದ್ದು.

ಇನ್ನೂ ಎಷ್ಟೋ ಅಂಗಡಿಗಳಲ್ಲಿ ಓಡುತ್ತಿರುವ, 2002ರಲ್ಲಿ ಬಂದ 7.0 ಆವೃತ್ತಿಯಲ್ಲಿ ಈ ಸೌಲಭ್ಯ ಇಲ್ಲ, ಯಾವ ಫಾಂಟ್ ಹಾಕಿದರೂ ಬಾರದು. ಅಲ್ಲಿ ದಾರಿ ಎಂದರೆ ಉಚಿತ ಇಂಕ್‌ಸ್ಕೇಪ್. ಅದರಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಕೂಡುತ್ತದೆ. ಶೀರ್ಷಿಕೆ ಬರೆದು, ಬೇಕಾದ ಅಳತೆಯಲ್ಲಿ ಪಾರದರ್ಶಕ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡಿ, ಫೋಟೋಶಾಪಿಗೆ ಎಳೆದು ತನ್ನಿ. ಗಿಂಪ್ ಬಳಸುವವರಿಗೆ ಈ ತೊಡಕೇ ಇಲ್ಲ.

ನಮ್ಮ ಕಂಪ್ಯೂಟರ್‌ನ್ಯಾಗ ಚಲೋ ಕಾಣ್ತೈತಿ, ಫ್ಲೆಕ್ಸ್ ಅಂಗಡಿಗೆ ಕಳಿಸಿದ್ರ ಇಂಗ್ಲಿಷ್ ಚಿತ್ತಾರ ಬರ್ತೈತಿ

ನೀವು ಬರೆದದ್ದು ನುಡಿ 01 ಇ ತರಹದ ಹಳೆಯ ಎಎನ್‌ಎಸ್‌ಐ ಫಾಂಟಿನಲ್ಲಿ. ಅಂಥ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಸಂಕೇತ. ಫಾಂಟ್ ಅವುಗಳ ಮೇಲೆ ಕನ್ನಡದ ತುಂಡುಗಳನ್ನು ಬರೆದು ತೋರಿಸುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಸಂಕೇತವೇ ಹೊರಬೀಳುತ್ತದೆ. ಶ್ರೀಲಿಪಿಯಲ್ಲಿ ಬರೆದದ್ದನ್ನು ನುಡಿ ಫಾಂಟಿಗೆ ಬದಲಿಸಿದರೂ ಕೆಡುವುದು ಇದಕ್ಕೇ, ಎರಡರ ಸಂಕೇತಗಳ ಜೋಡಣೆ ಬೇರೆ.

ಪ್ರಿಂಟಿಗೆ ಕಳಿಸುವ ಮೊದಲು ಟೈಪ್ ಮೆನುವಿನಲ್ಲಿ "ಕನ್ವರ್ಟ್ ಟು ಶೇಪ್" ಕೊಡಿ, ಅಕ್ಷರ ಆಕಾರವಾಗುತ್ತದೆ, ಫಾಂಟ್ ಬೇಕಾಗುವುದಿಲ್ಲ. ತಿದ್ದಲು ಪಠ್ಯ ಇರುವ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಹೆಸರು ತಪ್ಪಾಗಿದೆ ಎಂಬ ಫೋನ್ ಸಂಜೆಗೆ ಬಂದೇ ಬರುತ್ತದೆ. ಹೊಸ ಕೆಲಸವನ್ನಾದರೂ ಯುನಿಕೋಡ್‌ನಲ್ಲೇ ಶುರು ಮಾಡಿ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಹುಬ್ಬಳ್ಳಿ ಇವೆಲ್ಲ ಉಚಿತವಾಗಿ ಸಿಗುತ್ತವೆ. ದಪ್ಪ ಶೀರ್ಷಿಕೆಗೆ ಬಲೂ ತಮ್ಮ, ಆಮಂತ್ರಣ ಪತ್ರಿಕೆಯ ಸಾಲುಗಳಿಗೆ ತಿರೋ ಚೆನ್ನಾಗಿ ಕೂರುತ್ತದೆ.

ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಸಿಗೆ ತಾಗ್ತದ

ಆಟೊ ಲೀಡಿಂಗ್ (ತಾನಾಗಿ ಬರುವ ಸಾಲಿನ ಅಂತರ) ಅಕ್ಷರದ ಅಳತೆಯ 120% ಇರುತ್ತದೆ. ಕನ್ನಡದ ಒತ್ತು ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ, ಅಷ್ಟು ಜಾಗ ಸಾಲದು. 140ರಿಂದ 150% ಇಡಿ: 40 ಪಾಯಿಂಟ್ ಅಕ್ಷರಕ್ಕೆ 56ರಿಂದ 60. ಫಾಕ್ಸ್ ಬೋಲ್ಡ್ (ಸಾಫ್ಟ್‌ವೇರ್ ಕೃತಕವಾಗಿ ಮಾಡುವ ದಪ್ಪ) ಬೇಡ, ಒತ್ತಿನ ಒಳಗಿನ ಸಣ್ಣ ಖಾಲಿ ಜಾಗಗಳು ಮುಚ್ಚಿಹೋಗುತ್ತವೆ. ಫಾಂಟಿನದೇ ದಪ್ಪ ರೂಪ ಆರಿಸಿ. ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆ ಇರಲಿ.

## ಬಣ್ಣ ಮತ್ತು ಕಟಿಂಗ್

ಅರಿಷಿಣದ ಕಾರ್ಯಕ್ರಮದ ಫೋಟೋಕ್ಕ ಆಟೊ ಕಲರ್ ಹೊಡದ್ರ ಎಲ್ಲಾರೂ ನೀಲಿ ಆಗ್ತಾರ

ಆಟೊ ಕಲರ್ ಫೋಟೋದ ಗಾಢ, ತಿಳಿ, ನಡುಮಟ್ಟದ ಜಾಗಗಳಲ್ಲಿ ಬಣ್ಣದ ಛಾಯೆ ಇರಬಾರದು ಎಂಬ ಊಹೆಯ ಮೇಲೆ ನಡೆಯುತ್ತದೆ. ಮೈತುಂಬ ಅರಿಷಿಣ, ಹಳದಿ ಸೀರೆ, ಹಿಂದೆ ಚೆಂಡುಹೂವಿನ ಮಾಲೆ ಇರುವಾಗ ಅದು ಹಳದಿಯನ್ನೇ ದೋಷವೆಂದು ತಿಳಿದು ನೀಲಿ ಸುರಿಯುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಎರಚುವ ಭಂಡಾರದ (ಅರಿಷಿಣ ಪುಡಿ) ಫೋಟೋಗಳಿಗೂ ಇದೇ ಗತಿ.

ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಪಡಿಸುವುದು) ಕೈಯಾರೆ ಮಾಡಿ. ಇಲ್ಲಿ ಒಂದು ಮೋಸ ಇದೆ: ಬಿಳಿ ಧೋತರ, ಬಿಳಿ ಟೋಪಿಯ ಮೇಲೆ ಡ್ರಾಪರ್ ಇಡುವುದು ಎಲ್ಲರ ಅಭ್ಯಾಸ, ಆದರೆ ನಮ್ಮಲ್ಲಿ ಬಿಳಿ ಬಟ್ಟೆಗೆ ನೀಲಿ ಹಾಕುತ್ತಾರೆ. ಆ ಬಟ್ಟೆಯನ್ನು ಬಿಳಿ ಎಂದು ಹೇಳಿಕೊಟ್ಟರೆ ಸಾಫ್ಟ್‌ವೇರ್ ನೀಲಿಯನ್ನು ಕಡಿಮೆ ಮಾಡಿ ಇಡೀ ಫೋಟೋವನ್ನು ಹಳದಿಗೆ ತಳ್ಳುತ್ತದೆ. ಸ್ಟೀಲ್ ತಂಬಿಗೆಯೂ ಬೇಡ, ಸುತ್ತಲಿನ ಬಣ್ಣ ಅದರಲ್ಲಿ ಹೊಳೆಯುತ್ತಿರುತ್ತದೆ. ಕಾರ್ಯಕ್ರಮ ಶುರುವಾಗುವ ಮೊದಲು ಅದೇ ಬೆಳಕಿನಲ್ಲಿ ಗ್ರೇ ಕಾರ್ಡಿನ (ಯಾವ ಬಣ್ಣದ ಛಾಯೆಯೂ ಇಲ್ಲದ ಬೂದು ಹಾಳೆ) ಒಂದು ಫೋಟೋ ತೆಗೆದುಕೊಂಡು, ಅದರ ಮೇಲೆ ಡ್ರಾಪರ್ ಇಟ್ಟು, ಬಂದ ಅಂಕಿಯನ್ನು ಉಳಿದವಕ್ಕೆ ಸಿಂಕ್ ಮಾಡಿ.

ಕೆಂಪು ಬಟ್ಟೆಯ ಪೆಂಡಾಲ್ ಕೆಳಗೆ ಕೂತವರಿಗೂ ಹೊರಗಿನ ಬಿಸಿಲಿನಲ್ಲಿ ನಿಂತವರಿಗೂ ಒಂದೇ ವೈಟ್ ಬ್ಯಾಲೆನ್ಸ್ ಹೊಂದುವುದಿಲ್ಲ. ಫೋಟೋಶಾಪ್ ಜೊತೆ ಬರುವ ಕ್ಯಾಮೆರಾ ರಾದಲ್ಲಿ ಪೆಂಡಾಲಿನ ಭಾಗಕ್ಕೆ ಬೇರೆ ಮಾಸ್ಕ್ ಹಾಕಿ ಟೆಂಪರೇಚರ್, ಟಿಂಟ್ ಇಳಿಸಬೇಕು.

ಸ್ಕಿನ್ ಸ್ಮೂತ್ ಮಾಡಿದ್ರ ವಿಭೂತಿ ಅಳಿಸಿ ಹೋಗ್ತದ, ಮುಖ ಮೇಣದ ಗೊಂಬಿ ಆಗ್ತದ

ಹಣೆಯ ಮೂರು ಗೆರೆಯನ್ನು ಪ್ಲಗಿನ್ ಚರ್ಮದ ಕಲೆ ಎಂದೇ ಓದುತ್ತದೆ. ಕಂಟ್ರೋಲ್+ಜೆ ಒತ್ತಿ ನಕಲು ಲೇಯರ್ ಮಾಡಿ, ಸ್ಮೂತ್ ಅದರ ಮೇಲೆ ಮಾತ್ರ. ಆಲ್ಟ್ ಹಿಡಿದು ಮಾಸ್ಕ್ ಗುಂಡಿ ಒತ್ತಿದರೆ ಕಪ್ಪು ಮಾಸ್ಕ್ ಬರುತ್ತದೆ. ಬಿಳಿ ಬ್ರಶ್, ಫ್ಲೋ 20% ಇಟ್ಟು ಕೆನ್ನೆ, ಮೂಗಿನ ಬದಿಗೆ ಮಾತ್ರ ಬಳಿಯಿರಿ. ವಿಭೂತಿ, ಕುಂಕುಮ, ಹುಬ್ಬು, ಮೀಸೆ, ಮೂಗುತಿ ಮುಟ್ಟಬೇಡಿ. ಕೊನೆಗೆ ಲೇಯರಿನ ಒಪಾಸಿಟಿ 40-50%. ವಿಭೂತಿಯನ್ನು ಅಳಿಸಿ ಆಮೇಲೆ ಬಿಳಿ ಬ್ರಶ್‌ನಲ್ಲಿ ಬರೆದದ್ದು ಎದ್ದು ಕಾಣುತ್ತದೆ, ಮನೆಯ ಹಿರಿಯರಿಗೆ ನೋವಾಗುತ್ತದೆ. ಬಣ್ಣ ಬಿಳುಪು ಮಾಡಿಕೊಡಿ ಎಂದು ಕೇಳಿದರೂ ಮುಖವನ್ನು ಕೈ, ಕುತ್ತಿಗೆಗಿಂತ ಬೇರೆ ಬಣ್ಣಕ್ಕೆ ಒಯ್ಯಬೇಡಿ.

ಮಲ್ಲಿಗಿ ದಂಡಿ, ಸೆರಗಿನ ಎಳಿ ಕಟ್ ಮಾಡುವಾಗ ಹೋಗಿಬಿಡ್ತಾವ

ಸೆಲೆಕ್ಟ್ ಸಬ್ಜೆಕ್ಟ್ ಬಣ್ಣ, ಅಂಚು ನೋಡಿ ನಿರ್ಧರಿಸುತ್ತದೆ. ಬಿಳಿ ಗೋಡೆಯ ಮುಂದಿನ ಬಿಳಿ ಮಲ್ಲಿಗೆ ಅದಕ್ಕೆ ಗೋಡೆಯೇ. ಕತ್ತರಿಸಿದ ಚಿತ್ರದ ಕೆಳಗೆ ಗಾಢ ಬೂದು ಬಣ್ಣದ ಲೇಯರ್ ಇಟ್ಟರೆ ತಪ್ಪಿದ ಜಾಗ ಕೂಡಲೇ ಕಾಣುತ್ತದೆ. ಕೂದಲಿಗೆ ಸೆಲೆಕ್ಟ್ ಆ್ಯಂಡ್ ಮಾಸ್ಕ್‌ನ ರಿಫೈನ್ ಎಜ್ ಬ್ರಶ್, ಹೂವಿಗೆ ಗಟ್ಟಿ ಅಂಚಿನ ಸಣ್ಣ ಬ್ರಶ್‌ನಲ್ಲಿ ಕೈಯಾರೆ ಮಾಸ್ಕ್, ಸೀರೆಯ ಅಂಚಿಗೆ ಪೆನ್ ಟೂಲ್: ಮೂರಕ್ಕೂ ಒಂದೇ ಟೂಲ್ ಹುಡುಕಬೇಡಿ. ಸುತ್ತ ಬಿಳಿ ಗೆರೆ ಉಳಿದರೆ ಲೇಯರ್, ಮ್ಯಾಟಿಂಗ್, ಡಿಫ್ರಿಂಜ್ 1 ಪಿಕ್ಸೆಲ್. ಇದು ನಡೆಯುವುದು ಮಾಸ್ಕ್ ಅನ್ವಯಿಸಿದ ಮೇಲೆ.

ಗುಳೇದಗುಡ್ಡ ಖಣದ ಮ್ಯಾಲೆ ಕಾಮನಬಿಲ್ಲಿನಂಥ ಪಟ್ಟಿ ಬರ್ತಾವ

ಖಣದ ಸಣ್ಣ ನೇಯ್ಗೆ ಮತ್ತು ಕ್ಯಾಮೆರಾ ಸೆನ್ಸರಿನ ಪಿಕ್ಸೆಲ್ ಸಾಲು ಒಂದಕ್ಕೊಂದು ತಾಗಿ ಹುಟ್ಟುವ ಪಟ್ಟಿ ಅದು, ಮೋಯ್ರೆ ಎನ್ನುತ್ತಾರೆ. ಇಳಕಲ್ ಸೀರೆಯ ಚೌಕಡಿ ಒಡಲಿನಲ್ಲೂ ಬರುತ್ತದೆ. 100% ಜೂಮ್ ಮಾಡಿ ನೋಡಿ. ಆಗ ಕಾಣದಿದ್ದರೆ ಫೋಟೋ ಸರಿಯಿದೆ, ಪರದೆಯ ಮೇಲೆ ಸಣ್ಣದು ಮಾಡಿದ್ದರಿಂದ ಕಾಣುತ್ತಿತ್ತು. 100%ದಲ್ಲೂ ಬಣ್ಣದ ಪಟ್ಟಿ ಇದ್ದರೆ ಕ್ಯಾಮೆರಾ ರಾದಲ್ಲಿ ಬಟ್ಟೆಯ ಮೇಲೆ ಬ್ರಶ್ ಮಾಸ್ಕ್ ಹಾಕಿ ಮೋಯ್ರೆ ಸ್ಲೈಡರ್ ಏರಿಸಿ. ಇದರಿಂದ ಬಣ್ಣದ ಪಟ್ಟಿ ಹೋಗುತ್ತದೆ. ಬೆಳಕು-ನೆರಳಿನ ಪಟ್ಟಿ ಹೋಗುವುದಿಲ್ಲ, ಅದನ್ನು ಫೋಟೋ ತೆಗೆಯುವಾಗಲೇ ತಪ್ಪಿಸಬೇಕು: ಒಂದು ಹೆಜ್ಜೆ ಹಿಂದೆ ಮುಂದೆ ಸರಿಯಿರಿ, ಕ್ಯಾಮೆರಾ ಸ್ವಲ್ಪ ಓರೆ ಮಾಡಿ, ಒಂದೇ ಬಟ್ಟೆಯನ್ನು ಎರಡು ಮೂರು ದೂರದಿಂದ ತೆಗೆಯಿರಿ. ಮಾರಾಟಕ್ಕೆ ಖಣದ ಫೋಟೋ ಹಾಕುವ ನೇಕಾರರಿಗೆ ಇದು ಮುಖ್ಯ, ಏಕೆಂದರೆ ಪಟ್ಟಿಯನ್ನು ನೋಡಿದ ಗಿರಾಕಿ ಅದನ್ನು ನೇಯ್ಗೆಯ ದೋಷ ಎಂದುಕೊಳ್ಳುತ್ತಾರೆ.

ಮಾನಿಟರ್ ಮ್ಯಾಲೆ ಝಗಝಗ, ಪ್ರಿಂಟ್ ಬಂದ್ರ ಸಪ್ಪಗ

ಪರದೆ ಬೆಳಕನ್ನು ಕೂಡಿಸಿ ಬಣ್ಣ ತೋರಿಸುತ್ತದೆ, ಶಾಯಿ ಬೆಳಕನ್ನು ನುಂಗಿ ತೋರಿಸುತ್ತದೆ. ಉಜ್ವಲ ನೀಲಿ, ಗಿಣಿ ಹಸಿರು, ರಾಣಿ ಗುಲಾಬಿ ಶಾಯಿಯ ವ್ಯಾಪ್ತಿಯಲ್ಲೇ ಇಲ್ಲ. ಕಂಟ್ರೋಲ್+ವೈ ಒತ್ತಿದರೆ ಪ್ರಿಂಟಿನಲ್ಲಿ ಹೇಗೆ ಬರುತ್ತದೆ ಎಂಬ ಅಂದಾಜು ಪರದೆಯ ಮೇಲೇ ಸಿಗುತ್ತದೆ, ಗಿರಾಕಿಗೆ ಅದನ್ನೇ ತೋರಿಸಿ ಒಪ್ಪಿಗೆ ಪಡೆಯಿರಿ. ರಾಜ್ಯೋತ್ಸವದ ಬ್ಯಾನರ್ ಮಾಡುವಾಗ ಬಾವುಟದ ಹಳದಿಗೆ ವೈ (ಹಳದಿ ಶಾಯಿ) 100, ಕೆಂಪಿಗೆ ಎಂ (ಮಜೆಂಟಾ ಶಾಯಿ) 100 ಮತ್ತು ವೈ 100 ಕೊಟ್ಟು ಸಿಎಂವೈಕೆಯಲ್ಲೇ ಶುರು ಮಾಡಿದರೆ ಸಪ್ಪೆಯಾಗುವುದಿಲ್ಲ. ಪ್ರಿಂಟ್ ಕಪ್ಪಾಗಿ ಬರುತ್ತಿದ್ದರೆ ಮಾನಿಟರಿನ ಬ್ರೈಟ್‌ನೆಸ್ ಅತಿಯಾಗಿದೆ. ಪರದೆಯ ಬಿಳಿ, ಪಕ್ಕದಲ್ಲಿ ಹಿಡಿದ ಬಿಳಿ ಹಾಳೆಗೆ ಹೊಂದುವವರೆಗೆ ಇಳಿಸಿ. ಫೋಟೋ ಲ್ಯಾಬ್‌ಗೆ ಕಳಿಸುವ ಆಲ್ಬಂ ಮಾತ್ರ ಎಸ್‌ಆರ್‌ಜಿಬಿಯಲ್ಲೇ (ಪರದೆಗೆ ಬಳಸುವ ಸಾಮಾನ್ಯ ಬಣ್ಣದ ವ್ಯಾಪ್ತಿ) ಇರಲಿ, ಲ್ಯಾಬಿನವರು ಬೇರೆ ಹೇಳದಿದ್ದರೆ.

## ಬ್ಯಾನರ್, ಭಾರದ ಫೈಲ್, ಕರೆಂಟ್

20×10 ಫೂಟಿನ ಬ್ಯಾನರ್ 300 ಡಿಪಿಐ ಮಾಡಿದ್ರ ಕಂಪ್ಯೂಟರ್ ನಿಂತ ಬಿಡ್ತೈತಿ

ನಿಲ್ಲಲೇಬೇಕು. 20 ಅಡಿ ಎಂದರೆ 240 ಇಂಚು. 300ರಿಂದ ಗುಣಿಸಿದರೆ 72,000 ಪಿಕ್ಸೆಲ್ ಅಗಲ, 36,000 ಎತ್ತರ. ಒಂದೇ ಲೇಯರ್ ಸುಮಾರು 7.8 ಜಿಬಿ ಆಗುತ್ತದೆ. ಪಿಎಸ್‌ಡಿ ನಮೂನೆಯ ಮಿತಿ 30,000 ಪಿಕ್ಸೆಲ್ ಮತ್ತು 2 ಜಿಬಿ, ಅಲ್ಲಿಗೇ ಮುಗಿಯಿತು. 72 ಪಿಪಿಐ ಸಾಕು: 17,280×8,640, ಸುಮಾರು 450 ಎಂಬಿ. ಬೀದಿಯಲ್ಲಿ ಹದಿನೈದು ಇಪ್ಪತ್ತು ಅಡಿ ದೂರದಿಂದ ನೋಡುವ ಬ್ಯಾನರಿಗೆ ಅದಕ್ಕಿಂತ ಹೆಚ್ಚಿಟ್ಟರೂ ಕಣ್ಣಿಗೆ ತಿಳಿಯುವುದಿಲ್ಲ. ಹತ್ತಿರದಿಂದ ನೋಡುವ ಸ್ಟ್ಯಾಂಡಿಗೆ 100-150 ಇಡಿ. 12×36 ಇಂಚಿನ ಮದುವೆ ಆಲ್ಬಂಗೆ ಮಾತ್ರ 300 ಬೇಕು, ಅಂದರೆ 10,800×3,600.

ನಿಜವಾದ ತೊಂದರೆ ಬರುವುದು ಸಾಲಾಗಿ ಹಾಕುವ ಮುಖಗಳಲ್ಲಿ. 72 ಪಿಪಿಐನಲ್ಲಿ ಒಂದು ಅಡಿಯ ಮುಖಕ್ಕೆ 864 ಪಿಕ್ಸೆಲ್ ಬೇಕು. ವಾಟ್ಸಾಪ್ ಡಿಪಿಯಿಂದ ಸ್ಕ್ರೀನ್‌ಶಾಟ್ ತೆಗೆದದ್ದು ಎಷ್ಟು ಶಾರ್ಪ್ ಮಾಡಿದರೂ ಆಗದು, ಮೂಲ ಫೋಟೋ ತರಿಸಿ. ಸುತ್ತ ಮೂರು ನಾಲ್ಕು ಇಂಚು ಅಕ್ಷರ, ಮುಖ ಏನೂ ಇಡಬೇಡಿ. ಕಟ್ಟಿಗೆ ಚೌಕಟ್ಟಿಗೆ ಮಡಚಿ ಮೊಳೆ ಹೊಡೆದಾಗ ಅಷ್ಟು ಜಾಗ ಹಿಂದೆ ಹೋಗುತ್ತದೆ.

"ಸ್ಕ್ರ್ಯಾಚ್ ಡಿಸ್ಕ್ಸ್ ಆರ್ ಫುಲ್" ಅಂತ ಬಂದು ತೆರೆಯುವುದೇ ಇಲ್ಲ

ರ್‍ಯಾಮ್ ಸಾಲದಾದಾಗ ಫೋಟೋಶಾಪ್ ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳುತ್ತದೆ, ಮಾಮೂಲಿಯಾಗಿ ಸಿ ಡ್ರೈವಿನಲ್ಲಿ. ತೆರೆಯುವಾಗ ಕಂಟ್ರೋಲ್+ಆಲ್ಟ್ ಹಿಡಿದರೆ ಸ್ಕ್ರ್ಯಾಚ್ ಡಿಸ್ಕ್ ಬದಲಿಸುವ ಕಿಟಕಿ ಬರುತ್ತದೆ. ಖಾಲಿ ಇರುವ ಡ್ರೈವ್ ಆರಿಸಿ. ಪೆನ್ ಡ್ರೈವ್ ಬೇಡ, ನಿಧಾನ. ಕೆಲಸದ ನಡುವೆ ಬಂದರೆ ಎಡಿಟ್, ಪರ್ಜ್, ಆಲ್ ಕೊಟ್ಟರೆ ಜಾಗ ಸಿಗುತ್ತದೆ, ಆದರೆ ಹಿಂದಿನ ಹೆಜ್ಜೆಗಳಿಗೆ ಮರಳಲಾಗದು. ಹಿಸ್ಟರಿ ಸ್ಟೇಟ್ಸ್ (ನೆನಪಿಡುವ ಹಿಂದಿನ ಹೆಜ್ಜೆಗಳು) 50 ಇರುವುದನ್ನು ಬ್ಯಾನರ್ ಕೆಲಸಕ್ಕೆ 15-20 ಮಾಡಿ.

ಕರೆಂಟ್ ಹೋದ್ರ ಎಲ್ಲಾ ಹೋಗ್ತದಲ್ರೀ

ಪ್ರಿಫರೆನ್ಸಸ್‌ನ ಫೈಲ್ ಹ್ಯಾಂಡ್ಲಿಂಗ್‌ನಲ್ಲಿ ಆಟೊ ಸೇವ್ 10 ನಿಮಿಷ ಇರುತ್ತದೆ, 5 ಮಾಡಿ. ಕರೆಂಟ್ ಬಂದ ಮೇಲೆ ಫೋಟೋಶಾಪ್ ತೆರೆದರೆ ರಿಕವರ್ಡ್ ಎಂಬ ಹೆಸರಿನಲ್ಲಿ ಫೈಲ್ ಬರುತ್ತದೆ, ಕೂಡಲೇ ಬೇರೆ ಹೆಸರಿನಲ್ಲಿ ಉಳಿಸಿ. ಗಿಂಪ್‌ನಲ್ಲಿ ಇಂಥ ಸಮಯಾನುಸಾರ ಆಟೊ ಸೇವ್ ಇಲ್ಲ, ಕಂಟ್ರೋಲ್+ಎಸ್ ಒಂದೇ ಗತಿ. ಯುಪಿಎಸ್‌ಗೆ ಕಂಪ್ಯೂಟರ್, ಮಾನಿಟರ್ ಮಾತ್ರ ಹಚ್ಚಿ. ಲೇಸರ್ ಪ್ರಿಂಟರ್ ಅದಕ್ಕೆ ಹಚ್ಚಿದರೆ ಬಿಸಿಯಾಗುವಾಗ ಎಳೆಯುವ ಭಾರಕ್ಕೆ ಯುಪಿಎಸ್ ಆರಿಹೋಗುತ್ತದೆ.

## ಕೈ ಪಳಗಿದವರಿಗೆ

ಗೋಳಗುಮ್ಮಟ ಹಿಂದಕ್ಕ ವಾಲಿದಂಗ ಬರ್ತದ. ನೆಟ್ಟಗ ಮಾಡಿದ್ರ ಮಿನಾರ ಕಟ್ ಆಗ್ತಾವ

ಕ್ಯಾಮೆರಾ ಮೇಲೆತ್ತಿ ತೆಗೆದಾಗ ಲಂಬ ಗೆರೆಗಳು ಮೇಲೆ ಕೂಡುತ್ತವೆ. ಕ್ಯಾಮೆರಾ ರಾದ ಆಪ್ಟಿಕ್ಸ್‌ನಲ್ಲಿ ಮೊದಲು ಲೆನ್ಸ್ ಪ್ರೊಫೈಲ್ ಹಾಕಿ, ಆಮೇಲೆ ಜಾಮಿಟ್ರಿಯಲ್ಲಿ ಗೈಡೆಡ್ ಆರಿಸಿ ಎರಡು ಮೂಲೆಯ ಗೋಪುರಗಳ ಅಂಚಿಗೆ ಒಂದೊಂದು ಗೆರೆ ಎಳೆಯಿರಿ. ನೆಟ್ಟಗಾದ ಚಿತ್ರ ಕೆಳಗೆ ಕಿರಿದಾಗಿ ಮೂಲೆಗಳು ಖಾಲಿಯಾಗುತ್ತವೆ, ಅದನ್ನು ಕ್ರಾಪ್ ಮಾಡಿದಾಗ ಬದಿಯ ಗೋಪುರ ಹೋಗುತ್ತದೆ. ಇದಕ್ಕೆ ಎಡಿಟಿಂಗ್‌ನಲ್ಲಿ ಮದ್ದಿಲ್ಲ. ತೆಗೆಯುವಾಗಲೇ ಹಿಂದೆ ಸರಿದು ಎರಡೂ ಬದಿಗೆ ಚೌಕಟ್ಟಿನ ಆರನೇ ಒಂದು ಭಾಗದಷ್ಟು ಜಾಗ ಬಿಡಿ. ಪೂರ್ತಿ ಲಂಬ ಮಾಡಿದರೆ ಗುಮ್ಮಟ ಮೇಲಕ್ಕೆ ಜಗ್ಗಿದಂತೆ ಕಾಣುತ್ತದೆ. ಮುಕ್ಕಾಲು ಪಾಲು ತಿದ್ದಿ ನಿಲ್ಲಿಸಿದರೆ ಕಣ್ಣಿಗೆ ಹಿತ. ಗಿಂಪ್‌ನಲ್ಲಿ ಪರ್ಸ್‌ಪೆಕ್ಟಿವ್ ಟೂಲ್, ಡೈರೆಕ್ಷನ್ ಕರೆಕ್ಟಿವ್.

ಐಹೊಳೆ ದುರ್ಗ ಗುಡಿ ಮುಂದ ಮಂದಿ ಖಾಲೀನ ಆಗೂದಿಲ್ಲ. ಒಬ್ಬೊಬ್ಬರನ್ನ ಅಳಿಸಿದ್ರ ಕೆತ್ತನಿ ಕೆಡ್ತೈತಿ

ಕಂಟೆಂಟ್ ಅವೇರ್ ಫಿಲ್ ಪಕ್ಕದ ಕಲ್ಲನ್ನು ಎತ್ತಿ ತಂದು ಅಂಟಿಸುತ್ತದೆ, ಜನರೇಟಿವ್ ಫಿಲ್ ಇಲ್ಲದ ಶಿಲ್ಪವನ್ನೇ ಹುಟ್ಟಿಸುತ್ತದೆ. ಐಹೊಳೆ, ಪಟ್ಟದಕಲ್ಲು, ಬಾದಾಮಿಯ ಕಂಬ ಒಂದರಂತೆ ಇನ್ನೊಂದಿಲ್ಲ. ಸುಳ್ಳು ಕೆತ್ತನೆ ಇರುವ ಫೋಟೋ ಶಾಲೆಯ ಮಕ್ಕಳ ಪ್ರಾಜೆಕ್ಟಿಗೋ ಪ್ರವಾಸದ ಕರಪತ್ರಕ್ಕೋ ಹೋಗಿಬಿಡುತ್ತದೆ.

ಬೇರೆ ಫೋಟೋಗಳಿಂದ ಅದೇ ಜಾಗದ ನಿಜವಾದ ಕಲ್ಲನ್ನೇ ತರಬಹುದು. ಒಂದೇ ಜಾಗದಲ್ಲಿ ನಿಂತು, ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನ್ಯುಯಲ್ ಇಟ್ಟು, ಹತ್ತು ಹದಿನೈದು ಸೆಕೆಂಡಿಗೊಂದರಂತೆ ಹದಿನೈದು ಫೋಟೋ ತೆಗೆಯಿರಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮುಂಚಿತ ಅನುಮತಿ ಬೇಕು, ಇಲ್ಲದಿದ್ದರೆ ಮೊಣಕೈ ಎದೆಗೊತ್ತಿ ಕೈಯಲ್ಲೇ ತೆಗೆಯಬಹುದು. ಫೋಟೋಶಾಪ್‌ನಲ್ಲಿ ಫೈಲ್, ಸ್ಕ್ರಿಪ್ಟ್ಸ್, ಸ್ಟ್ಯಾಟಿಸ್ಟಿಕ್ಸ್, ಮೋಡ್ ಮೀಡಿಯನ್, ಫೋಟೋಗಳನ್ನು ಸೇರಿಸಿ "ಅಟೆಂಪ್ಟ್ ಟು ಆಟೊಮ್ಯಾಟಿಕಲಿ ಅಲೈನ್" ಗುರುತು ಹಾಕಿ. ಪ್ರತಿ ಬಿಂದುವಿನಲ್ಲೂ ಎಲ್ಲ ಫೋಟೋಗಳ ನಡುವಿನ ಬೆಲೆ ಉಳಿಯುತ್ತದೆ, ನಡೆದಾಡುವವರು ಮಾಯವಾಗುತ್ತಾರೆ. ಅರ್ಧಕ್ಕಿಂತ ಹೆಚ್ಚು ಫೋಟೋಗಳಲ್ಲಿ ಒಂದೇ ಕಡೆ ಕೂತವರು ಮಾತ್ರ ಉಳಿಯುತ್ತಾರೆ. ಅವರು ಎದ್ದುಹೋದ ಫೋಟೋ ಒಂದಿದ್ದರೆ ಅದನ್ನು ಮೇಲಿನ ಲೇಯರಾಗಿ ಹಾಕಿ, ಸ್ಮಾರ್ಟ್ ಆಬ್ಜೆಕ್ಟ್ ಆಗಿರುವ ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ ರಾಸ್ಟರೈಸ್ ಲೇಯರ್ ಕೊಟ್ಟು, ಎರಡನ್ನೂ ಆಯ್ಕೆ ಮಾಡಿ ಎಡಿಟ್ ಮೆನುವಿನ ಆಟೊ ಅಲೈನ್ ಲೇಯರ್ಸ್ ಕೊಡಿ, ಆ ಜಾಗವನ್ನಷ್ಟೇ ಮಾಸ್ಕ್‌ನಲ್ಲಿ ತೆರೆಯಿರಿ. ಬಿಸಿಲು ಸರಿದಂತೆ ನೆರಳೂ ಸರಿಯುವುದರಿಂದ ಎಲ್ಲ ಫೋಟೋಗಳೂ ಐದು ನಿಮಿಷದ ಒಳಗೆ ಮುಗಿದಿರಬೇಕು.